ಭಾನುವಾರ ಅಮ್ಮನ ಜೊತೆ ಸ್ಪೆಷಾಲಿಟಿ ಕಾಫಿ ಅಂಗಡಿಗೆ ಹೋಗಿದ್ದೆ, 50 ನಿಮಿಷ ಕಾದೆವು. ವಯಸ್ಸಾದವರನ್ನು ಯಾವಾಗ ಕರೆದುಕೊಂಡು ಹೋಗಬೇಕು?

ಕುವೆಂಪುನಗರದವಳು | ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗ್ಗೆ ಅಮ್ಮನನ್ನು ಕರೆದುಕೊಂಡು ಮೈಸೂರಿನ ಒಂದು ಸ್ಪೆಷಾಲಿಟಿ ಕಾಫಿ ಅಂಗಡಿಗೆ, ಅಂದರೆ ಆರಿಸಿದ ಬೀಜದ ಕಾಫಿ ಮಾಡಿಕೊಡುವ ಕಡೆಗೆ, ಹೋಗಿದ್ದೆ. ಹೆಸರು ಬರೆಯುವುದಿಲ್ಲ. ಹುಡುಗರು ಒಳ್ಳೆಯವರು, ಕಾಫಿಯೂ ಚೆನ್ನಾಗಿತ್ತು. ಆದರೂ ಮನೆಗೆ ಬಂದ ಮೇಲೆ ಸಮಾಧಾನವಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಮ್ಮನಿಗೆ 71 ವರ್ಷ. ಮಂಡಿ ನೋವಿದೆ. ದಿನಕ್ಕೆ ಮೂರು ಸಲ ಕಾಫಿ ಬೇಕೇ ಬೇಕು. ಹಿತ್ತಾಳೆ ಫಿಲ್ಟರಿಗೆ ರಾತ್ರಿಯೇ ಪುಡಿ ಹಾಕಿ, ನೀರು ಹುಯ್ದು ಮಲಗುತ್ತಾರೆ. “ಇನ್ನೂರೈವತ್ತು ರೂಪಾಯಿ ಕಾಫಿಯಲ್ಲಿ ಏನಿರುತ್ತೆ, ನಾನೂ ಒಂದು ಸಲ ನೋಡ್ತೀನಿ” ಅಂತ ಎರಡು ತಿಂಗಳಿಂದ ಹೇಳುತ್ತಿದ್ದರು. ನಾನು ಭಾನುವಾರವೇ ಕರೆದುಕೊಂಡು ಹೋದೆ. ತಪ್ಪಾಗಿದ್ದು ಅಲ್ಲೇ.

ಹತ್ತು ಗಂಟೆಗೆ ತಲುಪಿದಾಗ ಬಾಗಿಲ ಮುಂದೆ ಇಪ್ಪತ್ತು ಜನ ನಿಂತಿದ್ದರು. ಒಬ್ಬ ಹುಡುಗ ಹೆಸರು ಬರೆದುಕೊಂಡು “ಹದಿನೈದು ನಿಮಿಷ ಮೇಡಂ” ಅಂದ. ಅದು 50 ನಿಮಿಷವಾಯಿತು. ಅಮ್ಮ ಪಕ್ಕದ ಮನೆಯ ಕಾಂಪೌಂಡ್ ಕಟ್ಟೆಯ ಮೇಲೆ ಕೂತಿದ್ದರು. ಮಧ್ಯದಲ್ಲಿ ಯಾರೂ ಬಂದು ಇನ್ನೆಷ್ಟು ಹೊತ್ತು ಅಂತ ಹೇಳಲಿಲ್ಲ. ಒಳಗೆ ಹೋದ ಮೇಲೆ ಅಮ್ಮನಿಗೆ ಹಾಲಿನ ಕಾಫಿ, ನನಗೆ ಪೋರ್ ಓವರ್ (ಪುಡಿಯ ಮೇಲೆ ಕೈಯಲ್ಲೇ ಬಿಸಿನೀರು ಹುಯ್ದು ಸೋಸುವ ಕಾಫಿ) ಹೇಳಿದೆ. ಅಮ್ಮನ ಕಾಫಿ ಉಗುರು ಬೆಚ್ಚಗಿತ್ತು. ಅರ್ಧ ಕುಡಿದು ಇಟ್ಟರು.

ಆಮೇಲೆ ಆಗಿದ್ದನ್ನು ಹೇಳಲೇಬೇಕು. ಬಿಲ್ಲು ಕೊಡುವಾಗ ಕೌಂಟರ್ ಮೇಲೆ ಗಾಜಿನ ಜಾಡಿಯಲ್ಲಿ ಹುರಿದ ಬೀಜ ಇತ್ತು. ಅಮ್ಮ ಬಗ್ಗಿ ನೋಡಿ, “ಇದು ಪೀಬೆರಿ ಅಲ್ವೇನಪ್ಪಾ?” ಅಂದರು. ಪೀಬೆರಿ ಅಂದರೆ ದುಂಡನೆಯ ಒಂಟಿ ಕಾಫಿ ಬೀಜ. ಕಾಫಿ ಮಾಡುತ್ತಿದ್ದ ಹುಡುಗ ಕೆಟಲ್ ಕೆಳಗಿಟ್ಟ. ಜಾಡಿ ತೆಗೆದು ನಾಲ್ಕು ಬೀಜ ಅಮ್ಮನ ಅಂಗೈಗೆ ಹಾಕಿದ. ಅಮ್ಮ ಒಂದನ್ನು ಮುಂದಿನ ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ ಅಗಿದರು. “ಹದ ಸ್ವಲ್ಪ ಎಳೆಸು. ನಮ್ಮಮ್ಮ ಇನ್ನೆರಡು ನಿಮಿಷ ಬಿಡ್ತಿದ್ದಳು” ಅಂದರು. ಆ ಹುಡುಗನ ಮುಖ ಅರಳಿತು. ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನವರು ಕಾರ್ಡ್ ಮುಂದೆ ಚಾಚಿದರು, ಒಳಗಿನಿಂದ ಅವನನ್ನು ಕರೆದರು. ಮಾತು ಅಲ್ಲಿಗೇ ನಿಂತಿತು.

ಮನೆಗೆ ಬರುವಾಗ ಆಟೋದಲ್ಲಿ ಅಮ್ಮ ದಾರಿ ಪೂರ್ತಿ ಅಜ್ಜಿಯ ಮನೆಯ ಕಾಫಿ ಹುರಿಯುವ ಡಬ್ಬದ ಕಥೆ ಹೇಳಿದರು. ನಾನು ಈ 45 ವರ್ಷದಲ್ಲಿ ಅದನ್ನು ಒಂದು ಸಲವೂ ಕೇಳಿರಲಿಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ಅಮ್ಮ ಆ ಹುಡುಗನ ಜೊತೆ ಹತ್ತು ನಿಮಿಷ ನಿಧಾನವಾಗಿ ಮಾತಾಡಬೇಕು. ಅದಕ್ಕೆ ಯಾವ ದಿನ, ಯಾವ ಹೊತ್ತಿಗೆ ಹೋಗಬೇಕು? ಅಮ್ಮನಿಗೆ ಹಿಡಿಸುವ ಹಾಗೆ ಯಾವ ಕಾಫಿ ಹೇಳಬೇಕು?

ಗೋಕುಲಂ ನಿವಾಸಿ | ಭಾನುವಾರ, ರಾತ್ರಿ 9.42

ಮೇಡಂ, ಶನಿವಾರ ಭಾನುವಾರ ಬೇಡವೇ ಬೇಡ. 2023ರಲ್ಲಿ ಬೆಂಗಳೂರು ಹೆದ್ದಾರಿ ಪೂರ್ತಿ ತೆರೆದ ಮೇಲೆ ಅಲ್ಲಿನವರು ಬೆಳಗ್ಗೆ ಹೊರಟು ತಿಂಡಿ ಹೊತ್ತಿಗೆ ಇಲ್ಲಿರುತ್ತಾರೆ. ಒಂಬತ್ತೂವರೆಯಿಂದ ಒಂದು ಗಂಟೆವರೆಗೆ ಎಲ್ಲೂ ಜಾಗ ಸಿಗುವುದಿಲ್ಲ. ದಸರಾ ಸಮಯದಲ್ಲಂತೂ ವಾರದ ದಿನವೂ ಹಾಗೇ.

ನಮ್ಮ ಗೋಕುಲಂನಲ್ಲಿ ಇನ್ನೊಂದು ಲೆಕ್ಕ ಇದೆ. ಯೋಗ ಕಲಿಯಲು ಬಂದ ಹೊರದೇಶದವರು ಅಭ್ಯಾಸ ಮುಗಿಸಿ ಬೆಳಗ್ಗೆ ಎಂಟೂವರೆ, ಒಂಬತ್ತಕ್ಕೆ ಕಾಫಿಗೆ ಬರುತ್ತಾರೆ. ನಾನು ಮಂಗಳವಾರ ಅಥವಾ ಬುಧವಾರ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗುತ್ತೇನೆ. ಇಲ್ಲವಾದರೆ ಮಧ್ಯಾಹ್ನ ಮೂರಕ್ಕೆ. ಊಟ ಮುಗಿದಿರುತ್ತದೆ, ಸಂಜೆಯ ಜನ ಇನ್ನೂ ಬಂದಿರುವುದಿಲ್ಲ. ಹುಡುಗರು ಆಗ ನಿಂತು ಮಾತಾಡುತ್ತಾರೆ.

ಮಂಡ್ಯ ಹೈದ | ಭಾನುವಾರ, ರಾತ್ರಿ 10.05

ಅಕ್ಕ, ಹೋದ ತಿಂಗಳು ನಾನೂ ನನ್ನ ಹೆಂಡತಿಯೂ ಇಂಥದ್ದೇ ಒಂದು ಅಂಗಡಿಗೆ ಮಂಡ್ಯದಿಂದ ಬಂದಿದ್ದೆವು. ರೈಲಿನಲ್ಲಿ ಬಂದಷ್ಟೇ ಹೊತ್ತು ಬಾಗಿಲಲ್ಲಿ ನಿಂತೆವು. ಒಳಗೆ ಹೋದ ಮೇಲೆ ಮತ್ತೆ 20 ನಿಮಿಷ. ನಮ್ಮ ಕಡೆ ಹೋಟೆಲಿನಲ್ಲಿ ಹೇಳಿದ ಒಂದೇ ನಿಮಿಷಕ್ಕೆ ಕಾಫಿ ಟೇಬಲ್ ಮೇಲೆ ಇರುತ್ತದೆ. ಇಲ್ಲಿ ಒಂದು ಲೋಟ ಕಾಫಿಗೆ ಇಷ್ಟು ಹೊತ್ತು ಯಾಕೆ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ಮನೆಯಲ್ಲಿ ನಾವು ಬೆಲ್ಲದ ಕಾಫಿ ಕುಡಿಯುವವರು. ಆಲೆಮನೆ ಬೆಲ್ಲ, ಮನೆ ಹಸುವಿನ ಹಾಲು. ಅಲ್ಲಿ ಸಕ್ಕರೆ ಹಾಕದೆ ಕುಡಿದು ನೋಡಿ ಅಂದರು. ಮೊದಲ ಗುಟುಕು ಕಷ್ಟವಾಯಿತು. ಆರಿದ ಮೇಲೆ ಮಾತ್ರ ರುಚಿ ಬೇರೆಯೇ ಆಯಿತು, ಅದು ಹೇಗೆ ಅಂತಲೂ ಗೊತ್ತಾಗಲಿಲ್ಲ.

ಕೌಂಟರ್ ಹಿಂದಿನವನು | ಭಾನುವಾರ, ರಾತ್ರಿ 11.50

ಈಗ ತಾನೇ ಅಂಗಡಿ ತೊಳೆದು ಬಂದೆ. ನಾನು ಮೈಸೂರಿನ ಇನ್ನೊಂದು ಕಾಫಿ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಬಾರಿಸ್ಟಾ, ಅಂದರೆ ಕಾಫಿ ಮಾಡುವವನು. ಮೇಡಂ ಹೋಗಿದ್ದು ನಮ್ಮಲ್ಲಿಗಲ್ಲ. ಆದರೆ ನಮ್ಮ ಭಾನುವಾರವೂ ಹೀಗೇ ಇರುತ್ತದೆ.

ಅಣ್ಣ, ಹೋಟೆಲಿನಲ್ಲಿ ಡಿಕಾಕ್ಷನ್ ಮೊದಲೇ ಇಳಿಸಿರುತ್ತಾರೆ. ಹಾಲು ಒಲೆಯ ಮೇಲೆ ಕುದಿಯುತ್ತಿರುತ್ತದೆ. ಬೆರೆಸಿ ಕೊಟ್ಟರೆ ಆಯಿತು. ಪೋರ್ ಓವರ್ ಹಾಗಲ್ಲ. ನೀವು ಹೇಳಿದ ಮೇಲೆ 15 ಗ್ರಾಂ ಬೀಜ ತೂಗುತ್ತೇವೆ. ಆಗಲೇ ಪುಡಿ ಮಾಡುತ್ತೇವೆ. ಕಾಗದದ ಫಿಲ್ಟರನ್ನು ಬಿಸಿನೀರಿನಲ್ಲಿ ತೊಳೆಯುತ್ತೇವೆ, ಇಲ್ಲದಿದ್ದರೆ ಕಾಗದದ ವಾಸನೆ ಬರುತ್ತದೆ. ಮೊದಲು ಸ್ವಲ್ಪವೇ ನೀರು ಹಾಕಿ ಅರ್ಧ ನಿಮಿಷ ಸುಮ್ನೆ ಬಿಡುತ್ತೇವೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದು ಹೊರಗೆ ಹೋಗಬೇಕು. ಪುಡಿ ರೊಟ್ಟಿ ಉಬ್ಬಿದ ಹಾಗೆ ಉಬ್ಬುತ್ತದೆ. ಹಳೇ ಪುಡಿಯಾದರೆ ಉಬ್ಬುವುದೇ ಇಲ್ಲ. ಆಮೇಲೆ ಸುತ್ತ ಸುತ್ತ ನೀರು ಹಾಕಿ ಸುಮಾರು 240 ಗ್ರಾಂಗೆ ನಿಲ್ಲಿಸುತ್ತೇವೆ. ಎಲ್ಲ ಸೇರಿ ಮೂರು ನಿಮಿಷ, ಮೂರೂವರೆ ನಿಮಿಷ. ಒಬ್ಬ ಮನುಷ್ಯ ಒಂದೇ ಸಲಕ್ಕೆ ಎರಡು ಮಾಡಬಹುದು. ಮೂರನೆಯದಕ್ಕೆ ಕೈ ತಪ್ಪುತ್ತದೆ. 20 ಜನ ಪೋರ್ ಓವರ್ ಹೇಳಿದರೆ ಲೆಕ್ಕ ನೀವೇ ಹಾಕಿ.

ಎಸ್ಪ್ರೆಸೊ, ಅಂದರೆ ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ, ಬೇಗ ಆಗುತ್ತದೆ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 30 ಸೆಕೆಂಡಿನೊಳಗೆ ಇಳಿಯುತ್ತದೆ. ಆದರೆ ಅದಕ್ಕೆ ಬೆಳಗ್ಗೆಯೇ ಗ್ರೈಂಡರ್ ಹದ ಮಾಡಿಕೊಳ್ಳಬೇಕು. ಮಳೆ ಬಂದರೆ, ಬೀಜ ಎರಡು ದಿನ ಹಳೆಯದಾದರೆ, ನಿನ್ನೆಯ ಹದ ಇವತ್ತು ನಡೆಯುವುದಿಲ್ಲ.

ನಿಮಗೆ ಆರಿದ ಮೇಲೆ ರುಚಿ ಬದಲಾಯಿತು ಅಂದಿರಲ್ಲ, ಅದು ಸರಿ ಅಣ್ಣ. ತುಂಬ ಬಿಸಿ ಇದ್ದಾಗ ನಾಲಿಗೆಗೆ ಸಿಹಿ, ಹುಳಿ ಬಿಡಿಸಿ ಗೊತ್ತಾಗುವುದಿಲ್ಲ. ಬೆಚ್ಚಗಾದಾಗ ಗೊತ್ತಾಗುತ್ತದೆ.

ಅಗ್ರಹಾರದವರು | ಸೋಮವಾರ, ಬೆಳಗ್ಗೆ 6.20

ನಾನು ನಿವೃತ್ತ ಮೇಷ್ಟ್ರು. ತಮ್ಮ, ನೀನು ಬರೆದದ್ದು ಚೆನ್ನಾಗಿ ಅರ್ಥವಾಯಿತು. ಆದರೆ ಕಾಫಿ ಬಿಸಿಯಾಗಿರಬೇಕು ಅನ್ನುವುದನ್ನು ನಾನು ಬಿಟ್ಟುಕೊಡುವುದಿಲ್ಲ. ರಾತ್ರಿ ಇಳಿದ ಡಿಕಾಕ್ಷನ್ ತಣ್ಣಗಿರುತ್ತದೆ. ಕುದಿಯುವ ಹಾಲು ಹಾಕಿದರೇ ಅದಕ್ಕೆ ಜೀವ ಬರುವುದು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದರೆ ಕುಡಿಯುವ ಹದಕ್ಕೆ ಬರುತ್ತದೆ, ನೊರೆಯೂ ಬರುತ್ತದೆ. ಎಷ್ಟು ಆರಿಸಿಕೊಳ್ಳಬೇಕು ಅನ್ನುವುದು ಕುಡಿಯುವವರ ಕೈಯಲ್ಲಿರುತ್ತದೆ. ಅಂಗಡಿಯವರೇ ಆರಿಸಿ ಕೊಟ್ಟರೆ ಹೇಗೆ?

ತಾಯಿಯವರು ಬೀಜ ಕಡಿದು ಹದ ಹೇಳಿದ್ದನ್ನು ಓದಿ ನನ್ನ ಕಣ್ಣು ತುಂಬಿತು. ನಮ್ಮ ಮನೆಯಲ್ಲೂ ಹಾಗೇ ನೋಡುತ್ತಿದ್ದದ್ದು. ಹಸಿ ಬೀಜ ತರುವುದು. ಅರ್ಧ ಪೀಬೆರಿ, ಅರ್ಧ ಪ್ಲಾಂಟೇಶನ್ ಎ ಅನ್ನುವ ದಪ್ಪ ಬೀಜ. ಇದ್ದಿಲ ಒಲೆಯ ಮೇಲೆ ತಗಡಿನ ಡಬ್ಬ, ಅದಕ್ಕೊಂದು ಹಿಡಿಕೆ. ತಿರುಗಿಸುವುದು ಮಕ್ಕಳ ಕೆಲಸ. ಮೊದಲು ಹುಲ್ಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಚಟಚಟ ಅಂತ ಸಿಡಿಯುತ್ತದೆ. ಅದು ನಿಂತು, ಎರಡನೇ ಸಲ ಸಣ್ಣಗೆ ಸಿಡಿಯಲು ಶುರುವಾದ ತಕ್ಷಣ ಅಮ್ಮ “ಇಳಿಸು” ಅನ್ನುತ್ತಿದ್ದರು. ಅಡುಗೆಮನೆಯಿಂದಲೇ, ಕಿವಿಯಲ್ಲೇ ಕೇಳಿ. ತಕ್ಷಣ ಮೊರಕ್ಕೆ ಸುರಿದು ಬೀಸಣಿಗೆಯಲ್ಲಿ ಬೀಸಬೇಕು. ತಡಮಾಡಿದರೆ ತನ್ನ ಬಿಸಿಗೇ ಕರಿಕಾಗುತ್ತದೆ. ವಾರಕ್ಕೆ ಸಾಕಾಗುವಷ್ಟೇ ಹುರಿಯುತ್ತಿದ್ದರು, ಆಯಾ ದಿನ ಬೇಕಾದಷ್ಟೇ ಕೈಮಿಲ್ಲಿನಲ್ಲಿ ಪುಡಿ. ಚಿಕೋರಿ ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ.

ಈಗ ನಿಮ್ಮ ಅಂಗಡಿಗಳಲ್ಲಿ ಹೊಸದಾಗಿ ಹುರಿದದ್ದು, ಆಗಲೇ ಪುಡಿ ಮಾಡಿದ್ದು ಅನ್ನುತ್ತೀರಿ. ಅದು ಮೈಸೂರಿನ ಎಷ್ಟೋ ಮನೆಗಳ ಪ್ರತಿದಿನದ ಕಾಫಿಯಾಗಿತ್ತು. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಮತ್ತೆ ಬಂತಲ್ಲ ಅಂತ ಸಂತೋಷದಿಂದ ಹೇಳುತ್ತಿದ್ದೇನೆ.

ಕುವೆಂಪುನಗರದವಳು | ಸೋಮವಾರ, ಬೆಳಗ್ಗೆ 8.05

ಸರ್, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. “ಮೊರಕ್ಕೆ ಹಾಕೋದು ಹೇಳಿದ್ರಾ? ಹಾಗಾದ್ರೆ ಅವರಿಗೆ ಗೊತ್ತು” ಅಂದರು. ಅವರ ಮನೆಯಲ್ಲಿ ಸಿಪ್ಪೆ ಹಾರಲಿ ಅಂತ ಹಿತ್ತಲಿನಲ್ಲಿ ಗಾಳಿ ಬರುವ ಕಡೆ ನಿಂತು ಕೇರುತ್ತಿದ್ದರಂತೆ. ನಾನೂ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಮನೆ ಪುಡಿ ಪ್ಯಾಕೆಟ್ ತಿರುಗಿಸಿ ನೋಡಿದೆ. ಚಿಕೋರಿ ನೂರಕ್ಕೆ 40 ಅಂತ ಇದೆ. ಇಷ್ಟು ವರ್ಷ ಓದಿಯೇ ಇರಲಿಲ್ಲ.

ಕೌಂಟರ್ ಹಿಂದಿನವನು | ಸೋಮವಾರ, ಮಧ್ಯಾಹ್ನ 3.15

ಮೇಷ್ಟ್ರೇ, ನಮಸ್ಕಾರ ಸರ್. ನೀವು ಹೇಳಿದ ಮೊದಲ ಸಿಡಿತ, ಎರಡನೇ ಸಿಡಿತ, ಇದನ್ನೇ ನಾವು ಫಸ್ಟ್ ಕ್ರ್ಯಾಕ್, ಸೆಕೆಂಡ್ ಕ್ರ್ಯಾಕ್ ಅಂತ ಕಲಿತಿದ್ದು. ಮೊರದ ಕೆಲಸವನ್ನು ಯಂತ್ರದಲ್ಲಿ ಕೂಲಿಂಗ್ ಟ್ರೇ ಮಾಡುತ್ತದೆ. ಕೆಳಗಿನಿಂದ ಫ್ಯಾನ್ ಗಾಳಿ ಎಳೆಯುತ್ತದೆ, ಮೇಲೆ ಯಂತ್ರದ ಕೈಗಳು ಬೀಜ ತಿರುವುತ್ತವೆ. ನಮ್ಮ ಅಂಗಡಿಯ ಪೋರ್ ಓವರ್ ಬೀಜವನ್ನು ಮೊದಲ ಸಿಡಿತ ಮುಗಿಯುತ್ತಲೇ ಇಳಿಸುತ್ತೇವೆ. ನಿಮ್ಮ ತಾಯಿಯವರು ಎರಡನೆಯದರ ಶುರುವಿಗೆ ಇಳಿಸುತ್ತಿದ್ದರು. ಹಾಲು ಹಾಕಿ ಕುಡಿಯುವುದಕ್ಕೆ ಅವರ ಹದವೇ ಸರಿ. ಎಳೆ ಹದದ ಕಾಫಿ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಹಾಲಿನ ವಿಷಯ. ಹಾಲನ್ನು 60ರಿಂದ 65 ಡಿಗ್ರಿಗೆ ನಿಲ್ಲಿಸುತ್ತೇವೆ. ಆಗ ನೊರೆ ರೇಷ್ಮೆಯ ಹಾಗೆ ಇರುತ್ತದೆ, ಹಾಲು ಸಿಹಿ ಅನ್ನಿಸುತ್ತದೆ. 70 ದಾಟಿದರೆ ನೊರೆ ಒಡೆಯುತ್ತದೆ, ಕಾಯಿಸಿದ ಹಾಲಿನ ವಾಸನೆ ಬರುತ್ತದೆ. ಆದರೆ ನಮ್ಮ ಊರಿನವರಿಗೆ ಆ ವಾಸನೆಯೇ ಇಷ್ಟ. ನಮ್ಮಮ್ಮನಿಗೂ ಅಷ್ಟೇ. ಅದಕ್ಕೆ ಹೇಳುವಾಗಲೇ “ಹಾಲು ಜಾಸ್ತಿ ಬಿಸಿ ಮಾಡಿ” ಅನ್ನಿ. ಬೇಡ ಅನ್ನುವ ಬಾರಿಸ್ಟಾ ಇದ್ದರೆ ಅದು ಅವನ ತಪ್ಪು.

ಚಿಕೋರಿ ಬಗ್ಗೆ ಒಂದು ಮಾತು. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಲೇಬೇಕು ಅಂತ ಕಾನೂನಿದೆ. ಪ್ಯಾಕೆಟ್ ಮೇಲೆ ಎಷ್ಟೆಷ್ಟು ಅಂತ ಬರೆಯಲೇಬೇಕು. ಚಿಕೋರಿ ಅಂದರೆ ಒಂದು ಗಿಡದ ಬೇರು. ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ ಕೊಡುತ್ತದೆ. ಕೆಟ್ಟದ್ದಲ್ಲ. ಆದರೆ ಬೀಜದ ಸ್ವಂತ ರುಚಿಯನ್ನು ಮುಚ್ಚಿಬಿಡುತ್ತದೆ.

ಸೋಮವಾರಪೇಟೆ ಬೆಳೆಗಾರ | ಸೋಮವಾರ, ರಾತ್ರಿ 8.30

ತೋಟದ ಕಡೆಯಿಂದ ನಾನೂ ಸ್ವಲ್ಪ ಹೇಳುತ್ತೇನೆ. ನಮ್ಮದು ಆರು ಎಕರೆ. ಅರೇಬಿಕಾ, ರೊಬಸ್ಟಾ ಎರಡೂ ಜಾತಿಯ ಕಾಫಿ ಇದೆ. ಮೂರು ವರ್ಷದಿಂದ ಸ್ವಲ್ಪ ಅರೇಬಿಕಾವನ್ನು ಬೇರೆಯಾಗಿ ಮಾಡಿ ಮೈಸೂರಿನ ಒಬ್ಬ ಹುರಿಯುವವರಿಗೆ ಕೊಡುತ್ತಿದ್ದೇನೆ.

ಬೇರೆಯಾಗಿ ಮಾಡುವುದು ಅಂದರೆ ಏನು ಅಂತ ಊರಿನವರಿಗೆ ಗೊತ್ತಾಗಬೇಕು. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿವರೆಗೆ ಬರುತ್ತದೆ. ಒಂದೇ ಕೊಂಬೆಯಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ಸಾಮಾನ್ಯವಾಗಿ ಮೊದಲು ಫ್ಲೈ ಪಿಕ್ಕಿಂಗ್ (ಬೇಗ ಹಣ್ಣಾದದ್ದನ್ನಷ್ಟೇ ಆರಿಸಿ ಕೀಳುವುದು), ಆಮೇಲೆ ಒಂದು ದೊಡ್ಡ ಕೊಯ್ಲು, ಕೊನೆಗೆ ಉಳಿದದ್ದನ್ನೆಲ್ಲ ಬಳಿದುಕೊಳ್ಳುವುದು. ಸ್ಪೆಷಾಲಿಟಿಗೆ ಪೂರ್ತಿ ಕೆಂಪಾದ ಹಣ್ಣು ಮಾತ್ರ ಬೇಕು. ಒಂದೇ ಗಿಡಕ್ಕೆ ನಾಲ್ಕು ಸಲ ಹೋಗಬೇಕು. ಕೆಲಸಕ್ಕೆ ಜನ ಸಿಗುವುದೇ ಕಷ್ಟ ಇರುವಾಗ ಇದು ಸುಲಭವಲ್ಲ. ಕುಯ್ದ ದಿನವೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಬೇಕು. ಕಣದಲ್ಲಿ ಸುರಿಯುವ ಬದಲು ಎತ್ತರದ ಬಲೆ ಮಂಚದ ಮೇಲೆ ತೆಳುವಾಗಿ ಹರಡಿ, ಗಂಟೆಗೊಮ್ಮೆ ಕೈಯಾಡಿಸಬೇಕು. ಡಿಸೆಂಬರಿನಲ್ಲಿ ಮೋಡ ಕವಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಟಾರ್ಪಾಲ್ ಹಿಡಿದು ಓಡುತ್ತೇವೆ.

ಸುಮಾರು ಆರು ಕೆಜಿ ಹಣ್ಣಿಗೆ ಒಂದು ಕೆಜಿ ಹಸಿ ಬೀಜ ಬರುತ್ತದೆ. ಹುರಿದರೆ ಅದು ಸುಮಾರು 850 ಗ್ರಾಂ ಆಗುತ್ತದೆ. ಅಷ್ಟರಲ್ಲಿ ಬಾರಿಸ್ಟಾ ತಮ್ಮ ಹೇಳಿದ ಎಸ್ಪ್ರೆಸೊದ 18 ಗ್ರಾಂ ಲೆಕ್ಕದಲ್ಲಿ 47 ಕಪ್ ಆಗುತ್ತದೆ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೀಜ ದುಂಡಗೆ ಬೆಳೆದಿರುವುದು. ಅದು ಸಿಗುವುದೇ ಸ್ವಲ್ಪ. ತಾಯಿಯವರು ಹುರಿದ ಬೀಜ ನೋಡಿ ಗುರುತು ಹಿಡಿದದ್ದು ನನಗೆ ಬಹಳ ಖುಷಿಯಾಯಿತು. ನಮ್ಮ ಮನೆಯ ಹುಡುಗರಿಗೇ ಅದು ಗೊತ್ತಿಲ್ಲ.

ಮಂಡ್ಯ ಹೈದ | ಸೋಮವಾರ, ರಾತ್ರಿ 9.15

ಅಣ್ಣ, ನಾನು ಕಬ್ಬು ಬೆಳೆಯುವವನು. ನಿಮ್ಮ ಟಾರ್ಪಾಲ್ ಓಟ ನನಗೆ ಅರ್ಥವಾಗುತ್ತದೆ. ಒಂದು ಪ್ರಶ್ನೆ. ಆ ಅಂಗಡಿಯ ಪ್ಯಾಕೆಟ್ ಮೇಲೆ ತೋಟದ ಹೆಸರು, ಎಷ್ಟು ಎತ್ತರ, ಯಾವ ತಳಿ ಎಲ್ಲ ಬರೆದಿದ್ದರು. ನಮ್ಮ ಕಬ್ಬು ಕಾರ್ಖಾನೆಗೆ ಹೋದ ಮೇಲೆ ಯಾರ ಗದ್ದೆಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೆ ಇದು ಮೊದಲಿನಿಂದಲೂ ಇತ್ತಾ?

ಸೋಮವಾರಪೇಟೆ ಬೆಳೆಗಾರ | ಸೋಮವಾರ, ರಾತ್ರಿ 10.00

ಇರಲಿಲ್ಲ ತಮ್ಮ. ಅಪ್ಪನ ಕಾಲದಲ್ಲಿ ನಮ್ಮ ಕಾಫಿಯೂ ನಿಮ್ಮ ಕಬ್ಬಿನ ಹಾಗೇ ಇತ್ತು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಎಲ್ಲರದ್ದೂ ಒಟ್ಟಿಗೆ ಸೇರಿ ಹರಾಜಾಗುತ್ತಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಚೆನ್ನಾಗಿ ಮಾಡಿದವನ ಮೂಟೆಯೂ, ಹೇಗೋ ಮಾಡಿದವನ ಮೂಟೆಯೂ ಒಂದೇ ರಾಶಿಯಲ್ಲಿ. 1992ರಿಂದ ಸ್ವಲ್ಪ ಸ್ವಲ್ಪವೇ ಬಿಟ್ಟರು, 1996ರಲ್ಲಿ ಪೂರ್ತಿ ಮುಕ್ತವಾಯಿತು. ಆಮೇಲೇ ತೋಟದ ಹೆಸರಿನಲ್ಲಿ ಮಾರಲು ದಾರಿಯಾದದ್ದು. ಪೂಲ್ ಇದ್ದಾಗ ಸಣ್ಣವರಿಗೆ ಒಂದು ರಕ್ಷಣೆಯೂ ಇತ್ತು, ಅದನ್ನು ನಾನು ಮರೆಯುವುದಿಲ್ಲ. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗ ಅಪ್ಪ ಪಟ್ಟ ಕಷ್ಟ ನೋಡಿದ್ದೇನೆ. ಈಗ ಬೆಲೆ ಚೆನ್ನಾಗಿದೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಹೊರದೇಶದ ಮಾರುಕಟ್ಟೆಯಲ್ಲಿ ಹಿಂದೆಂದೂ ಇಲ್ಲದ ಬೆಲೆಗೆ ಹೋಯಿತು. ಆದರೆ ಬೆಲೆ ಏರಿದಾಗಲೂ ಇಳಿದಾಗಲೂ ನನ್ನ ಬೀಜ ಬೇಕು ಅಂತ ಕೇಳುವ ಒಬ್ಬರು ಇದ್ದಾರಲ್ಲ, ಆ ಧೈರ್ಯ ಬೇರೆ.

ಒಂದು ಸಲ ನಾನೂ ಮೈಸೂರಿಗೆ ಬಂದು, ಹೇಳದೆ ಕೇಳದೆ ಆ ಅಂಗಡಿಯಲ್ಲಿ ಸರದಿಯಲ್ಲಿ ನಿಂತು ನನ್ನ ತೋಟದ ಕಾಫಿಯನ್ನೇ ಕುಡಿದೆ. ನನ್ನ ಮುಂದಿದ್ದ ಹುಡುಗಿ ಫಲಕದ ಮೇಲಿದ್ದ ನಮ್ಮ ತೋಟದ ಹೆಸರನ್ನು ಓದಿ ಅದನ್ನೇ ಕೊಡಿ ಅಂದಳು. ನಾನು ಏನೂ ಮಾತಾಡಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ.

ಗಂಗೋತ್ರಿ ವಿದ್ಯಾರ್ಥಿನಿ | ಮಂಗಳವಾರ, ಬೆಳಗ್ಗೆ 10.40

ಇದನ್ನೆಲ್ಲ ಓದಿ ನನಗೆ ಹೇಳಿಕೊಳ್ಳಬೇಕು ಅನ್ನಿಸಿತು. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಕಾಫಿಗೆ ಮೂರು ಗಂಟೆ ಕೂರುವವಳು. ಹಾಸ್ಟೆಲಿನ ಕೋಣೆಯಲ್ಲಿ ಮೂರು ಜನ ಇದ್ದೇವೆ. ಬರೆಯಲು ಆಗುವುದಿಲ್ಲ. ಭಾನುವಾರವೂ ಹೋಗುತ್ತೇನೆ. ಹೊರಗೆ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿರಬಹುದು ಅಂತ ಯೋಚನೆಯೇ ಬಂದಿರಲಿಲ್ಲ. ಒಳಗೆ ಹೆಡ್‌ಫೋನ್ ಹಾಕಿಕೊಂಡರೆ ಬಾಗಿಲು ಕಾಣುವುದಿಲ್ಲ. ಮುಂದಿನ ಸಲದಿಂದ ವಾರಾಂತ್ಯ ಹೋಗುವುದಿಲ್ಲ. ಕ್ಷಮಿಸಿ ಅಕ್ಕ.

ಕುವೆಂಪುನಗರದವಳು | ಮಂಗಳವಾರ, ಬೆಳಗ್ಗೆ 11.30

ಅಯ್ಯೋ, ಕ್ಷಮೆ ಯಾಕಮ್ಮ? ಓದುವ ಮಕ್ಕಳಿಗೆ ಕೂರಲು ಜಾಗ ಬೇಕು. ಭಾನುವಾರ ಹೋದರೂ ಗೋಡೆ ಕಡೆಯ ಒಬ್ಬರ ಸ್ಟೂಲ್ ಹಿಡಿದುಕೋ, ಅಷ್ಟು ಸಾಕು. ನಮ್ಮ ಪಕ್ಕದಲ್ಲಿ ನಾಲ್ಕು ಜನರ ಟೇಬಲ್‌ಗೆ ಒಬ್ಬರು ಕೂತಿದ್ದರು, ಅದು ನೀನಾಗಿರಲಿಕ್ಕಿಲ್ಲ.

ಯಾದವಗಿರಿ ಮಗ | ಮಂಗಳವಾರ, ಮಧ್ಯಾಹ್ನ 1.20

ನಮ್ಮ ತಂದೆ ವಾಕರ್ ಹಿಡಿದು ನಡೆಯುತ್ತಾರೆ. ಕಾಫಿ ಅಂದರೆ ಪ್ರಾಣ. ನಾನು ಹೋಗುವ ಮೊದಲು ಫೋನ್ ಮಾಡಿ ಮೂರೇ ವಿಷಯ ಕೇಳುತ್ತೇನೆ. ಬಾಗಿಲಿಗೆ ಮೆಟ್ಟಿಲು ಎಷ್ಟು? ಬೆನ್ನು ಒರಗುವ ಕುರ್ಚಿ ಇದೆಯಾ? ಶೌಚಾಲಯ ಕೆಳಗಿದೆಯಾ? ಹಳೇ ಮನೆಗಳನ್ನು ಅಂಗಡಿ ಮಾಡಿರುವ ಕಡೆ ನೋಡಲು ಬಹಳ ಚೆಂದ. ಆದರೆ ನಾಲ್ಕು ಮೆಟ್ಟಿಲು ಹತ್ತಿ, ಎತ್ತರದ ಸ್ಟೂಲ್ ಮೇಲೆ ಕೂರಿಸುವುದು ಆಗುವುದಿಲ್ಲ.

ಕಾಯುವುದು ನನಗೆ ದೊಡ್ಡ ವಿಷಯವಲ್ಲ. 15 ಅಂತ ಹೇಳಿ 50 ಮಾಡುವುದು ದೊಡ್ಡ ವಿಷಯ. 50 ಅಂತ ಮೊದಲೇ ಹೇಳಿದ್ದರೆ ಮೇಡಂ ಅಮ್ಮನನ್ನು ಕುಕ್ಕರಹಳ್ಳಿ ಕೆರೆ ಕಡೆ ಒಂದು ಸುತ್ತು ಆಟೋದಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದರು, ಅಲ್ವಾ? ನಿಜವಾದ ಹೊತ್ತು ಹೇಳಿ, ಮಧ್ಯದಲ್ಲಿ ಒಂದು ಸಲ ಹೊರಗೆ ಬಂದು “ಇನ್ನು ನಾಲ್ಕು ಹೆಸರು ಇದೆ” ಅಂದರೆ ಸಾಕು. ಅದಕ್ಕೆ ದುಡ್ಡು ಬೇಡ, ಯಂತ್ರ ಬೇಡ.

ಕೌಂಟರ್ ಹಿಂದಿನವನು | ಮಂಗಳವಾರ, ರಾತ್ರಿ 11.35

ಅಣ್ಣ, ನೀವು ಹೇಳಿದ್ದು ನನ್ನ ಎದೆಗೆ ತಾಗಿತು. ನಾವೂ ಹಾಗೇ ಮಾಡುತ್ತೇವೆ. 50 ಅಂದರೆ ಜನ ಹೊರಟುಹೋಗುತ್ತಾರೆ ಅಂತ ಹೆದರಿ 20 ಅನ್ನುತ್ತೇವೆ. ಬಾಗಿಲಲ್ಲಿ ನಿಲ್ಲುವವನು ಹೊಸ ಹುಡುಗ, ಅವನಿಗೆ ಒಳಗೆ ಎಷ್ಟು ಆರ್ಡರ್ ಬಾಕಿ ಇದೆ ಅಂತ ಗೊತ್ತೂ ಇರುವುದಿಲ್ಲ. ಇವತ್ತು ನಮ್ಮ ಮಾಲೀಕರ ಜೊತೆ ಮಾತಾಡಿದೆ. ಈ ಭಾನುವಾರದಿಂದ ನೆರಳಿನಲ್ಲಿ ಎರಡು ಬೆಂಚು ಹಾಕುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಹೊರಗೆ ಹೋಗಿ ಹೇಳಬೇಕು ಅಂತ ಆಗಿದೆ. 60 ದಾಟಿದವರಿಗೆ ಮೊದಲು ಜಾಗ ಕೊಡಿ ಅಂತಲೂ ಕೇಳಿದೆ, ಅದಕ್ಕೆ ಇನ್ನೂ ಒಪ್ಪಿಲ್ಲ. ಮತ್ತೆ ಕೇಳುತ್ತೇನೆ.

ಮೇಡಂ, ಇನ್ನೊಂದು ಮಾತು. ಅಮ್ಮ ಬೀಜ ಕಡಿದಾಗ ಆ ಹುಡುಗ ಏನು ಕೇಳಬೇಕು ಅಂದುಕೊಂಡಿದ್ದ ಅಂತ ನನಗೆ ಗೊತ್ತು. ನಾವೆಲ್ಲ ಕೋರ್ಸ್ ಮಾಡಿ ಕಲಿತವರು. ಮನೆಯಲ್ಲಿ ಹುರಿದವರನ್ನು ಹತ್ತಿರದಿಂದ ನೋಡಿಲ್ಲ. ದಯವಿಟ್ಟು ಮತ್ತೆ ಕರೆದುಕೊಂಡು ಹೋಗಿ.

ಕುವೆಂಪುನಗರದವಳು | ಬುಧವಾರ, ಮಧ್ಯಾಹ್ನ 12.15

ಹೋಗಿ ಬಂದೆವು! ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ನಮ್ಮನ್ನು ಬಿಟ್ಟರೆ ಇಬ್ಬರೇ ಇದ್ದರು. ಅದೇ ಹುಡುಗ ಇದ್ದ. ಅಮ್ಮನನ್ನು ನೋಡಿದ ತಕ್ಷಣ “ಪೀಬೆರಿ ಅಜ್ಜಿ ಬಂದ್ರು” ಅಂತ ಒಳಗಿನವರನ್ನು ಕರೆದ. ಒಂದು ಕುರ್ಚಿ ತಂದು ಕೌಂಟರ್ ಪಕ್ಕದಲ್ಲೇ ಹಾಕಿದ.

ಮೊದಲು ಪುಡಿ ಮಾಡಿ, ಮೂಗಿಗೆ ಹಿಡಿದ. ಅಮ್ಮ ಕಣ್ಣು ಮುಚ್ಚಿ ಮೂಸಿ, “ಇದು ಬೇರೆ, ನೀರು ಹಾಕಿದ ಮೇಲೆ ಬೇರೆ ಬರುತ್ತೆ ನೋಡು” ಅಂದರು. ಹಾಗೇ ಆಯಿತು. ಪುಡಿ ಉಬ್ಬುವುದನ್ನು ಬಗ್ಗಿ ನೋಡಿದರು. ಸಣ್ಣ ಬಟ್ಟಲಿನಲ್ಲಿ ಸಕ್ಕರೆ ಇಲ್ಲದೆ, ಹಾಲಿಲ್ಲದೆ ಕೊಟ್ಟ. ಬಿಸಿಯಲ್ಲಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. ಐದು ನಿಮಿಷ ಬಿಟ್ಟು ಇನ್ನೊಂದು ಗುಟುಕು. “ಹುಳಿ ಇದೆ. ಕೆಟ್ಟ ಹುಳಿ ಅಲ್ಲ. ಕಿತ್ತಳೆ ಸಿಪ್ಪೆ ಬೆರಳಲ್ಲಿ ಹಿಂಡಿದ ಹಾಗೆ” ಅಂದರು. ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಆಮೇಲೆ ಅವನ ಪ್ರಶ್ನೆಗಳು. ಇದ್ದಿಲು ಎಷ್ಟು ಹಾಕುತ್ತಿದ್ದರು? ಡಬ್ಬಕ್ಕೆ ಎಷ್ಟು ಬೀಜ? ಸಿಡಿಯುವ ಸದ್ದು ಇದ್ದಿಲ ಸದ್ದಿನಲ್ಲಿ ಹೇಗೆ ಗೊತ್ತಾಗುತ್ತಿತ್ತು? ಅಮ್ಮ ಕೈಯಲ್ಲಿ ತಿರುಗಿಸಿ ತೋರಿಸಿದರು. ಡಬ್ಬ ಮುಕ್ಕಾಲು ತುಂಬಿದರೆ ಬೀಜ ಉರುಳುವುದಿಲ್ಲ, ಅರ್ಧಕ್ಕಿಂತ ಕಡಿಮೆ ಹಾಕಬೇಕು ಅಂದರು. ಇವನೂ ತಮ್ಮ ಯಂತ್ರದ ಡ್ರಮ್ಮಿಗೂ ಅದೇ ಲೆಕ್ಕ ಅಂದ. ಮುಕ್ಕಾಲು ಗಂಟೆ ಆಯಿತು. ನಾನು ಸುಮ್ನೆ ಕೂತಿದ್ದೆ.

ಕೊನೆಗೆ ಹಾಲಿನ ಕಾಫಿ, ಜಾಸ್ತಿ ಬಿಸಿ ಅಂತ ಹೇಳಿ ತರಿಸಿದೆ. ಪೂರ್ತಿ ಕುಡಿದರು. ಹುರಿದ ದಿನಾಂಕ ನೋಡಿ 250 ಗ್ರಾಂ ಪೀಬೆರಿ ತೆಗೆದುಕೊಂಡೆವು, ಸ್ವಲ್ಪ ಬಲಿತ ಹದದ್ದು. “ಪುಡಿ ಮಾಡಿ ಕೊಡಲಾ ಅಜ್ಜಿ?” ಅಂದ. ಅಮ್ಮ “ಬೇಡ, ಬೀಜವೇ ಕೊಡು” ಅಂದುಬಿಟ್ಟರು. ಮನೆಗೆ ಬಂದು ಅಟ್ಟದಿಂದ ಅಜ್ಜಿಯ ಕೈಮಿಲ್ ಇಳಿಸಿದ್ದೇವೆ. ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸುವಂಥದ್ದು, ಎರಕದ ಕಬ್ಬಿಣ. ಹಿಡಿಕೆ ತಿರುಗುತ್ತದೆ, ಒಳಗೆ ತುಕ್ಕು. ಇದನ್ನು ಸರಿ ಮಾಡುವವರು ದೇವರಾಜ ಮಾರುಕಟ್ಟೆ ಸುತ್ತ ಯಾರಾದರೂ ಇದ್ದಾರಾ?

ಅಗ್ರಹಾರದವರು | ಬುಧವಾರ, ಮಧ್ಯಾಹ್ನ 2.50

ತಾಯಿ, ರಿಪೇರಿಗೆ ಈಗಲೇ ಓಡಬೇಡಿ. ಮೊದಲು ಬಿಚ್ಚಿ ಒಣ ಬ್ರಷ್ಷಿನಲ್ಲಿ ತಿಕ್ಕಿ. ನೀರು ಮುಟ್ಟಿಸಬೇಡಿ. ಮತ್ತೆ ಜೋಡಿಸಿ, ಒಂದು ಹಿಡಿ ಒಣ ಅಕ್ಕಿ ಹಾಕಿ ತಿರುಗಿಸಿ. ಅಕ್ಕಿ ತುಕ್ಕನ್ನು ಎಳೆದುಕೊಂಡು ಬರುತ್ತದೆ. ಹಿಟ್ಟು ಬಿಳಿಯಾಗುವವರೆಗೆ ಹಾಕುತ್ತಿರಿ, ಆ ಹಿಟ್ಟನ್ನು ಎಸೆದುಬಿಡಿ. ಆಮೇಲೆ ಸ್ವಲ್ಪ ಹಳೇ ಬೀಜ ಹಾಕಿ ಒಂದು ಸಲ ತಿರುಗಿಸಿ ಅದನ್ನೂ ಎಸೆಯಿರಿ. ಹಲ್ಲು ಸವೆದಿದ್ದರೆ ಪುಡಿ ಒಂದೇ ಸಮ ಬರುವುದಿಲ್ಲ, ಆಗ ನೋಡೋಣ. ಫಿಲ್ಟರಿಗೆ ಸಣ್ಣ ರವೆಗಿಂತ ಸ್ವಲ್ಪ ನುಣ್ಣಗಿರಲಿ. ಹಿಟ್ಟಿನ ಹಾಗಾದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ.

ಕುವೆಂಪುನಗರದವಳು | ಬುಧವಾರ, ರಾತ್ರಿ 9.40

ಸರ್, ನೀವು ಹೇಳಿದ ಹಾಗೇ ಮಾಡಿದೆವು. ಮೊದಲ ಹಿಡಿ ಇಟ್ಟಿಗೆ ಪುಡಿಯ ಬಣ್ಣ ಬಂತು. ಮೂರನೆಯದು ಬೂದಿ. ಐದನೇ ಹಿಡಿಗೆ ಬಿಳಿ. ನಾನು ಹಿಡಿಕೆ ತಿರುಗಿಸಿದೆ, ಅಮ್ಮ ಬೀಜ ಹಾಕಿದರು. ಹಲ್ಲು ಚೆನ್ನಾಗಿದೆ. ಮೂರು ಚಮಚ ಪುಡಿ ಮೇಲಿನ ಬಟ್ಟಲಿಗೆ ಹಾಕಿ, ಹಗುರವಾಗಿ ಒತ್ತಿ, ನೀರು ಹುಯ್ದಿದ್ದಾರೆ. ಈಗ ಫಿಲ್ಟರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಹನಿ ಬೀಳುವ ಸದ್ದು ಇಲ್ಲಿಗೂ ಕೇಳುತ್ತಿದೆ.